ಮಳೆಗಾಲದ ದಾಸ್ತಾನು: ಬಿಸಿ ಆರದ ಅಕ್ಕಿಗೆ ಮುಚ್ಚಳ ಬಿಗಿಯಬೇಡಿ

ತಂಗಿ, ಸಾಗರದ ಪೇಟೆಯಿಂದ ಎರಡು ಮೂಟೆ ಅಕ್ಕಿ ಹಾಗೂ ಹತ್ತು ಕಿಲೋ ತೊಗರಿಬೇಳೆ ತಂದು, ತಾರಸಿಯ ಮೇಲೆ ಒಂದು ಮಧ್ಯಾಹ್ನ ಒಣಗಿಸಿ, ಬಿಸಿಬಿಸಿಯಾಗಿಯೇ ನೀಲಿ ಡ್ರಮ್ಮಿಗೆ ತುಂಬಿದ್ದಾಗಿ ಬರೆದಿದ್ದೀರಿ. ಹುಳು ಬಾರದಂತೆ ಯಾವ ಸೊಪ್ಪು ಹಾಕಬೇಕೆಂದು ಕೇಳಿದ್ದೀರಿ. ಸೊಪ್ಪಿನ ಮಾತು ಆಮೇಲಾಗಲಿ, ಮೊದಲು ಹೋಗಿ ಆ ಮುಚ್ಚಳ ತೆಗೆಯಿರಿ.

ನಾನು ಮದುವೆಯಾಗಿ ತುಮರಿಯ ಕಡೆಗೆ ಬಂದ ಎರಡನೆಯ ವರ್ಷ ಇದೇ ತಪ್ಪು ಮಾಡಿದ್ದೆ. ಆಗ ಸೇತುವೆ ಇರಲಿಲ್ಲ. ಲಾಂಚ್‌ಗೆ ಕಾದು ಶರಾವತಿ ಹಿನ್ನೀರು ದಾಟಿಸಬೇಕಾಗಿದ್ದರಿಂದ, ಮೃಗಶಿರ ಮಳೆ ಹಿಡಿಯುವ ಮೊದಲೇ ನಾಲ್ಕು ತಿಂಗಳ ಸಾಮಾನನ್ನು ಒಟ್ಟಿಗೆ ತರುತ್ತಿದ್ದೆವು. ಕಿಲೋಗೆ ನಾಲ್ಕು ರೂಪಾಯಿ ಕಡಿಮೆಯೆಂದು 100 ಕೆ.ಜಿ. ಅಕ್ಕಿ ಕೊಂಡೆ. ಕಾದ ಅಕ್ಕಿಯನ್ನು ಆರಿಸದೆ ತುಂಬಿದ್ದರಿಂದ, ರಾತ್ರಿ ಡ್ರಮ್ಮು ತಣ್ಣಗಾದಾಗ ಒಳಗಿನ ಆವಿ ಮುಚ್ಚಳದ ಅಡಿಯಲ್ಲಿ ಹನಿಗಟ್ಟಿ ಅಕ್ಕಿಯ ಮೇಲೇ ಬಿದ್ದಿತ್ತು. ಆರಿದ್ರಾ ಮಳೆಯಲ್ಲಿ ಸೇರು ಇಳಿಸಿದರೆ ಇಳಿಯಲಿಲ್ಲ. ಮೇಲಿನ ಒಂದು ಗೇಣು ಅಕ್ಕಿ ಹೆಂಟೆಗಟ್ಟಿ, ಹಸಿರು ಬೂಷ್ಟು ಹಿಡಿದು, ಮುಗ್ಗಿದ ವಾಸನೆ ಮುಖಕ್ಕೆ ಬಡಿಯಿತು. ಉಳಿಸಿದ್ದು 400 ರೂಪಾಯಿ. ದನಕ್ಕೂ ಹಾಕಲಾಗದೆ ಗೊಬ್ಬರದ ಗುಂಡಿಗೆ ಸುರಿದದ್ದು 42 ರೂಪಾಯಿ ದರದ 22 ಕೆ.ಜಿ., ಅಂದರೆ 924 ರೂಪಾಯಿ.

ಅಕ್ಕಿಯನ್ನು ಬಿಸಿಲಿಗೆ ಹಾಕಲೇಬೇಡಿ, ಕಾಳು ಸೀಳಿ ನುಚ್ಚಾಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ಚಾಪೆಯ ಮೇಲೆ ತೆಳ್ಳಗೆ ಹರಡಿದರೆ ಸಾಕು. ಬೇಳೆಗೆ ಮಾತ್ರ ಎರಡು ದಿನದ ಬಿಸಿಲು ಬೇಕು. ಪೂರ್ತಿ ತಣಿದ ಮೇಲೆ ಕಿಲೋಗೆ ಒಂದು ಚಿಕ್ಕ ಚಮಚದಷ್ಟು ಹರಳೆಣ್ಣೆ ಸವರಿಡಿ, ಬೇಯಿಸುವ ಮೊದಲು ಬಿಸಿನೀರಿನಲ್ಲಿ ತೊಳೆಯಿರಿ. ದೊಡ್ಡ ಡ್ರಮ್ಮನ್ನು ದಿನವೂ ತೆರೆದರೆ ದಿನವೂ ಥಂಡಿ ಗಾಳಿ ಒಳಹೋಗುತ್ತದೆ. ಆದ್ದರಿಂದ ನಾನು 15 ಕಿಲೋ ಎಣ್ಣೆಯ ಹಳೆಯ ತಗಡಿನ ಡಬ್ಬಗಳನ್ನು ತೊಳೆದು, ಚೆನ್ನಾಗಿ ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಸಾಲಾಗಿ ಇಡುತ್ತೇನೆ. ಒಂದು ಖಾಲಿಯಾಗದೆ ಇನ್ನೊಂದನ್ನು ಮುಟ್ಟುವುದಿಲ್ಲ. ಲಕ್ಕಿ ಸೊಪ್ಪಾಗಲಿ ಬೇವಾಗಲಿ ಗರಿಗರಿಯಾಗಿ ಒಣಗಿರಬೇಕು, ಹಸಿ ಸೊಪ್ಪು ತೇವವನ್ನೇ ಕೊಡುತ್ತದೆ. ಆಗಲೇ ಸೇರಿರುವ ಹುಳುವನ್ನು ಯಾವ ಸೊಪ್ಪೂ ಕೊಲ್ಲುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರಿಸಿದ ಇನ್ನೊಬ್ಬರು ಹುಳು ಕೊಲ್ಲಲು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಹಾಕಲು ಹೇಳಿದ್ದಾರೆ. ಮಕ್ಕಳು ಮಲಗುವ ಮನೆಯಲ್ಲಿ ಅದನ್ನು ಬಳಸಲು ಹೇಳುವುದು ಅಕ್ಷಮ್ಯ. ತೇವ ತಾಗಿದರೆ ಅದರಿಂದ ಹೊರಡುವ ಅನಿಲ ಪ್ರಾಣವನ್ನೇ ತೆಗೆಯುತ್ತದೆ.

2025ರ ಜುಲೈನಲ್ಲಿ ಈ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ನಾಲ್ಕು ತಿಂಗಳ ಅಕ್ಕಿ ಕೂಡಿಡುವ ಅಗತ್ಯವೇ ಇಲ್ಲ, ತಿಂಗಳಿಗಾಗುವಷ್ಟು ತನ್ನಿ. ಹರಳುಪ್ಪನ್ನು ಮಾತ್ರ ಹೆಚ್ಚು ತಂದು ಭರಣಿಯಲ್ಲಿಡಿ. ಹಾಲಿಗೆ ನಂದಿನಿ ಗುಡ್‌ಲೈಫ್ ನನಗೆ ಮೆಚ್ಚುಗೆ, ತೆರೆಯದಿದ್ದರೆ ತಂಪುಪೆಟ್ಟಿಗೆಯಿಲ್ಲದೆಯೂ ಉಳಿಯುತ್ತದೆ. ತರಕಾರಿಗೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಅಂದರೆ ಉಪ್ಪುಸೊಳೆ ಇರಲಿ; ಬಲಿತ ಮೊಗೆಕಾಯಿಗಳನ್ನು (ಮಂಗಳೂರು ಸೌತೆ) ಬಾಳೆಪಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಕಟ್ಟಿ ಜಂತಿಗೆ ತೂಗುಹಾಕಿ, ವಾರಕ್ಕೊಮ್ಮೆ ತೊಟ್ಟಿನ ಬುಡ ಒತ್ತಿ ನೋಡಿ, ಮೆತ್ತಗಾದದ್ದನ್ನು ಅಂದೇ ಹುಳಿಗೆ ಹಾಕಿ.