ನೀರಿನ ಸಭೆಯಲ್ಲಿ ನನ್ನ ಸಂಸಾರದ ಮಾತು ಯಾಕೆ?

ಪ್ರಶ್ನೆ: ನಮ್ಮದು ಹರಿಹರ ತಾಲ್ಲೂಕಿನ ಹಳ್ಳಿ, ಭದ್ರಾ ನಾಲೆಯ ಕೊನೆ ಭಾಗ. ಗಂಡನನ್ನು ಬಿಟ್ಟು ತವರಿಗೆ ಬಂದು ಅಪ್ಪನ ಎರಡು ಎಕರೆ ಗದ್ದೆ ನೋಡಿಕೊಳ್ಳುತ್ತಿದ್ದೇನೆ. ನೀರು ಬಳಕೆದಾರರ ಸಂಘದ ಸಭೆಯಲ್ಲಿ, ಮೇಲಿನವರು ನಾಲೆಗೇ ಪಂಪ್‌ಸೆಟ್ ಇಟ್ಟು ನೀರೆತ್ತುತ್ತಿದ್ದಾರೆ, ನಮ್ಮ ತೂಬಿಗೆ ಬರುತ್ತಿಲ್ಲ ಎಂದೆ. ದೊಡ್ಡಪ್ಪನ ಮಗ ಎದ್ದು, 'ಗಂಡನ ಜತೆ ಬಾಳ್ವೆ ಮಾಡಾಕಾಗ್ದಾಕಿ ಊರಿಗೆ ನೀರಿನ ಲೆಕ್ಕ ಹೇಳಾಕೆ ಬಂದಾಳೆ' ಎಂದ. ನಾನೂ ಬಿಡಲಿಲ್ಲ, 'ದಿನಾ ಕುಡಿದು ಬೀಳೋನು ನೀನು' ಎಂದೆ. ಸಭೆ ಅಲ್ಲಿಗೇ ಮುರಿಯಿತು. ಅತ್ತಿಗೆ ಮಾತು ಬಿಟ್ಟಿದ್ದಾರೆ. ಮುಂದಿನ ಸಭೆಗೆ ಹೋಗಲೋ ಬೇಡವೋ?

ಉತ್ತರ: ಹೋಗಲೇಬೇಕು, ತಂಗಿ. ಹೋದ ಸಲದ ಹಾಗೆ ಬರಿಗೈಯಲ್ಲಿ ಮಾತ್ರ ಹೋಗಬೇಡಿ.

ನಿಮ್ಮಣ್ಣ ಆಡಿದ್ದು ತಪ್ಪು ಮಾತು, ಅದರಲ್ಲಿ ಅನುಮಾನವಿಲ್ಲ. ಆ ಮಾತು ಮಾಡಿದ ಕೆಲಸವನ್ನೂ ನೋಡಿ. ತೂಬಿಗೆ ನೀರು ಯಾಕೆ ಬಂದಿಲ್ಲ ಎಂಬ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಬೇಕಾಗಿತ್ತು. ನಿಮ್ಮ ಸಂಸಾರದ ಮಾತು ಬಂತು, ನೀರಿನ ಮಾತು ಹೋಯಿತು. ನೀವು ಕುಡಿತದ ಮಾತೆತ್ತಿದ ಮೇಲಂತೂ ಉಳಿದವರಿಗೆ ಅದು ದಾಯಾದಿ ಜಗಳವಾಗಿಯೇ ಕಂಡಿತು. ಪಂಪ್‌ಸೆಟ್ ಇಟ್ಟವರು ಯಾರಿಗೂ ಉತ್ತರ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು.

ತರ್ಕಶಾಸ್ತ್ರದ ಹಳೆಯ ಗ್ರಂಥವಾದ ಗೌತಮ ಮುನಿಯ ನ್ಯಾಯಸೂತ್ರದಲ್ಲಿ ವಾದಿ ಎಲ್ಲೆಲ್ಲಿ ಸೋಲುತ್ತಾನೆ ಎಂಬುದಕ್ಕೆ 22 ನಿಗ್ರಹಸ್ಥಾನಗಳ ಪಟ್ಟಿಯೇ ಇದೆ. ಅದರಲ್ಲೊಂದು ಮತಾನುಜ್ಞೆ: ತನ್ನ ಮೇಲೆ ಬಂದ ದೋಷವನ್ನು ನಿವಾರಿಸದೆ, ಅದು ನಿನ್ನಲ್ಲೂ ಇದೆಯಲ್ಲ ಎನ್ನುವುದು. 'ನೀನು ಕಳ್ಳ' ಎಂದಾಗ 'ನೀನೂ ಕಳ್ಳ' ಎಂದವನು, ತನ್ನ ಕಳ್ಳತನ ಒಪ್ಪಿಕೊಂಡ ಹಾಗೆ. ನಿಮ್ಮ ಏಟು ಎಷ್ಟೇ ಚೆನ್ನಾಗಿ ಬಿದ್ದಿದ್ದರೂ ನಷ್ಟ ನಿಮ್ಮ ಗದ್ದೆಗೇ ಆಯಿತು.

ಹಾಗೆಂದು ನಿಮ್ಮ ಬಗ್ಗೆ ಬಂದ ಪ್ರತಿ ಮಾತನ್ನೂ ದಾಳಿ ಎಂದುಕೊಳ್ಳಬೇಡಿ. 'ನಿನ್ನ ಗದ್ದೆ ಕೊನೇಲಿದೆ, ಅದಕ್ಕೇ ಹೀಗಂತೀಯ' ಎಂದರೆ ಅದು ನ್ಯಾಯವಾದ ಪ್ರಶ್ನೆ. ಹೌದು, ನನ್ನ ಎರಡು ಎಕರೆ ಅಲ್ಲೇ ಇದೆ, ಅಳತೆಯನ್ನು ಯಾರು ಬೇಕಾದರೂ ಬಂದು ನೋಡಲಿ ಎನ್ನಿ. ನಿಮ್ಮಣ್ಣನಿಗೆ ನಾಲೆಯಲ್ಲಿ ಪಂಪ್‌ಸೆಟ್ ಇದೆಯೇ ಎಂದು ನೀವು ಕೇಳುವುದೂ ಸರಿಯೇ. ರಾತ್ರಿ ತೂಬು ತೆರೆದಿದ್ದನ್ನು ಕಣ್ಣಾರೆ ಕಂಡೆ ಎಂದು ಅವರು ಸಾಕ್ಷಿ ಹೇಳಿದ್ದರೆ, ಆಗ ಕುಡಿದಿದ್ದರೋ ಇಲ್ಲವೋ ಎಂದು ಕೇಳುವುದಕ್ಕೂ ಅರ್ಥವಿರುತ್ತಿತ್ತು. ಅವರು ಸಾಕ್ಷಿಯನ್ನೇನೂ ಹೇಳಿರಲಿಲ್ಲ.

ಈಗ ತಯಾರಿ. ಭದ್ರಾ ಅಣೆಕಟ್ಟು ಗರಿಷ್ಠ ಮಟ್ಟವಾದ 186 ಅಡಿಗೆ ತುಂಬಿದರೂ ಕೊನೆ ಭಾಗದ ಗೋಳು ತಪ್ಪುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಆದರೆ ಸಭೆಗೆ ಬೇಕಾದದ್ದು ನಿಮ್ಮ ತೂಬಿನ ಲೆಕ್ಕ. ಒಂದು ಬಿದಿರು ಗಳಕ್ಕೆ ಬಣ್ಣದಲ್ಲಿ ಇಂಚಿನ ಗುರುತು ಹಾಕಿ, ತೂಬಿನ ಮುಂದೆ ಕಾಲುವೆಯಲ್ಲಿ ಊರಿ. ಅದನ್ನು ಅಲ್ಲಿಂದ ಕದಲಿಸಬೇಡಿ. ಹೂಳಿನಿಂದ ತಳ ಏರುಪೇರಾಗಿರುತ್ತದೆ, ಜಾಗ ಬದಲಾದರೆ ಲೆಕ್ಕ ಕೆಡುತ್ತದೆ. ನಿಮ್ಮ ಸರದಿಯ ದಿನಗಳಲ್ಲಿ ಬೆಳಿಗ್ಗೆ 6ಕ್ಕೆ, ಸಂಜೆ 6ಕ್ಕೆ ಎಷ್ಟು ಇಂಚು ನೀರಿದೆ ಎಂದು ಬರೆದು, ಗಳದ ಫೋಟೊ ತೆಗೆದಿಡಿ. ಅದೇ ಹೊತ್ತಿಗೆ ಮೇಲಿನ ತೂಬಿನ ಬಳಿಯೂ ಯಾರಿಂದಾದರೂ ಬರೆಸಿ. ನೀರಗಂಟಿಯ ಸಹಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಅಕ್ಕಪಕ್ಕದ ಗದ್ದೆಯ ಇಬ್ಬರ ಸಹಿ ಹಾಕಿಸಿ. ನಡುವೆ ನೀರು ಕಡಿಮೆಯಾಗುವುದಕ್ಕೆ ಹೂಳು, ಸೋರಿಕೆಯೂ ಕಾರಣವಿರಬಹುದು. ಆದ್ದರಿಂದ ಬರೀ ಆ ಪುಸ್ತಕ ಹಿಡಿದು 'ಇಂಥವನು ಕದ್ದ' ಎನ್ನಬೇಡಿ. 'ಇಷ್ಟು ನೀರು ಎಲ್ಲಿಗೆ ಹೋಯಿತು, ಎಲ್ಲರೂ ಸೇರಿ ನಾಲೆಗುಂಟ ನಡೆದು ನೋಡೋಣ' ಎನ್ನಿ. ಪುಸ್ತಕದಲ್ಲಿರುವ ಇಂಚಿಗೆ ಗಂಡನೂ ಇಲ್ಲ, ತವರೂ ಇಲ್ಲ. ಅದನ್ನು ಯಾರು ಓದಿ ಹೇಳಿದರೂ ಅಷ್ಟೇ ಇರುತ್ತದೆ.

ವಿಷಯವನ್ನು ಮೊದಲೇ ಬರೆದುಕೊಟ್ಟು ಸಭೆಯ ವಿಷಯಪಟ್ಟಿಗೆ ಸೇರಿಸಲು ಹೇಳಿ. ಮತ್ತೆ ಅದೇ ಮಾತು ಬಂದರೆ ಒಂದು ಉಸಿರು ಎಳೆದುಕೊಳ್ಳಿ, ನಿಮ್ಮಣ್ಣನ ಕಡೆ ನೋಡದೆ ಅಧ್ಯಕ್ಷರ ಕಡೆ ತಿರುಗಿ: 'ನನ್ನ ಸಂಸಾರ ವಿಷಯಪಟ್ಟಿಯಲ್ಲಿಲ್ಲ. ನಮ್ಮ ತೂಬಿಗೆ ನೀರು ಯಾಕೆ ಬರಲಿಲ್ಲ, ಅದಕ್ಕೆ ಉತ್ತರ ಬೇಕು.' ಅಷ್ಟೇ. ಎರಡನೇ ಸಲವೂ ಬಂದರೆ ಇದನ್ನೇ ಪದ ಬದಲಿಸದೆ ಹೇಳಿ. ಮೂರನೇ ಸಲ, 'ಇವರು ಈಗ ಆಡಿದ ಮಾತನ್ನು ನಡಾವಳಿಯಲ್ಲಿ ಹಾಗೇ ಬರೆದುಕೊಳ್ಳಿ' ಎಂದು ಕಾರ್ಯದರ್ಶಿಗೆ ಹೇಳಿ. ಬರೆಸಿ ಎಂದ ಕೂಡಲೇ ಎಷ್ಟೋ ಬಾಯಿ ತಾನಾಗಿ ಮುಚ್ಚುತ್ತದೆ. ಮಾತು ಕೆಡುವುದು ಸಾಮಾನ್ಯವಾಗಿ ನಾವು ಸಮಜಾಯಿಷಿಗೆ ಇಳಿದಾಗ. ಗಂಡನನ್ನು ಯಾಕೆ ಬಿಟ್ಟೆ ಎಂದು ಒಂದು ವಾಕ್ಯ ಹೇಳಿದರೂ ಹತ್ತು ಪ್ರಶ್ನೆ ಹುಟ್ಟುತ್ತವೆ, ಮತ್ತು ಆ ಸಭೆಗೆ ಅದನ್ನು ಕೇಳುವ ಹಕ್ಕೇ ಇಲ್ಲ. ಬೆದರಿಕೆಗೋ ಅಶ್ಲೀಲಕ್ಕೋ ಹೋದರೆ ಅದು ವಾದವಲ್ಲ. ಮಹಿಳಾ ಸಹಾಯವಾಣಿ 181 ಅಥವಾ ತುರ್ತಿಗೆ 112ಕ್ಕೆ ಕರೆ ಮಾಡಿ.

ಇನ್ನು ಕುಡಿತದ ಮಾತು. ಆಡಿದ್ದು ಸಭೆಯಲ್ಲಿ, ಹಿಂತೆಗೆದುಕೊಳ್ಳುವುದೂ ಸಭೆಯಲ್ಲೇ ಆಗಲಿ: 'ಹೋದ ಸಲ ಅಣ್ಣನ ಬಗ್ಗೆ ಆಡಿದ ಮಾತು ಆಡಬಾರದಿತ್ತು.' ಇದಕ್ಕೆ 'ಆದರೆ' ಸೇರಿಸಬೇಡಿ. ಅವರು ತಿರುಗಿ ತಪ್ಪು ಒಪ್ಪಿಕೊಳ್ಳದೇ ಇರಬಹುದು, ಅದು ನೋಯುತ್ತದೆ, ಗೊತ್ತು. ನಿಮ್ಮ ಅತ್ತಿಗೆಯ ವಿಷಯ ಬೇರೆ. ಅವರು ಯಾರಿಗೂ ಏನೂ ಅಂದವರಲ್ಲ, ಆದರೂ ಮನೆಯೊಳಗಿನ ಕಷ್ಟ ಊರ ಮುಂದೆ ಬಂತು. ಸಭೆಗೆ ಮುಂಚೆ ಒಂದು ಸಂಜೆ, ಅಣ್ಣ ಇಲ್ಲದ ಹೊತ್ತು ನೋಡಿ, ಅವರ ಮನೆಗೆ ಹೋಗಿ ಬನ್ನಿ. ನೀರಿನ ಮಾತು ಎತ್ತಬೇಡಿ.