ಅಮೋನಿಯಾ ಬಳಸಿದ ವಿಷಯ ಲೇಬಲ್‌ನಲ್ಲಿ ಏಕಿರಲಿಲ್ಲ?

ಪ್ರಶ್ನೆ: ನಾವು ಅಮೆರಿಕದಲ್ಲಿ ನೆಲೆಸಿದ್ದೇವೆ. ಮಗ ಶಾಲೆಯಲ್ಲಿ ಬರ್ಗರ್ ತಿನ್ನುತ್ತಾನೆ. ಕೊಚ್ಚಿದ ದನದ ಮಾಂಸಕ್ಕೆ ಅಮೋನಿಯಾ ಹಾಯಿಸಿದ ‘ಪಿಂಕ್ ಸ್ಲೈಮ್’ ಬೆರೆಸುತ್ತಾರೆ, ಅದನ್ನು ಪೊಟ್ಟಣದ ಮೇಲೆ ನಮೂದಿಸುವುದಿಲ್ಲ ಎಂದು ಕೇಳಿದೆ. ಇದು ನಿಜವೇ? ಅಪಾಯವೇ?

ಉತ್ತರ: ನೀವು ಕೇಳಿದ್ದರಲ್ಲಿ ನಿಜವಿದೆ, ಆದರೆ ಅಪಾಯದ ಪ್ರಶ್ನೆಯನ್ನೂ ನಮೂದಿಸದಿರುವ ಪ್ರಶ್ನೆಯನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಮಾಂಸ ಕತ್ತರಿಸುವಾಗ ಉಳಿಯುವ, ಕೊಬ್ಬೇ ಹೆಚ್ಚಿರುವ ತುಣುಕುಗಳನ್ನು ಸುಮಾರು 38 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗೆ ಮಾಡಿ, ವೇಗವಾಗಿ ತಿರುಗುವ ಯಂತ್ರದಲ್ಲಿ ಕೊಬ್ಬನ್ನು ಬೇರ್ಪಡಿಸುತ್ತಾರೆ. ಉಳಿದ ನುಣುಪಾದ ಮಾಂಸವನ್ನು ಕೊಳವೆಗಳ ಮೂಲಕ ಸಾಗಿಸುತ್ತ ಅಮೋನಿಯಾ ಅನಿಲ ತಾಗಿಸಿದಾಗ ಅದರ ಕ್ಷಾರೀಯತೆ ಹೆಚ್ಚಿ, ಇ-ಕೋಲಿಯಂಥ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಬೀಫ್ ಪ್ರಾಡಕ್ಟ್ಸ್ ಸಂಸ್ಥೆಯ ಈ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ 2001ರಲ್ಲಿ ಒಪ್ಪಿಗೆ ಕೊಟ್ಟಿತು. 1993ರಲ್ಲಿ ಜ್ಯಾಕ್ ಇನ್ ದ ಬಾಕ್ಸ್ ಹೋಟೆಲುಗಳ ಬರ್ಗರ್‌ನಿಂದ ಹರಡಿದ ಇ-ಕೋಲಿ ಸೋಂಕಿಗೆ ನಾಲ್ವರು ಮಕ್ಕಳು ಬಲಿಯಾಗಿದ್ದರು; ಆ ಹಿನ್ನೆಲೆಯಲ್ಲಿ ನೋಡಿದರೆ ಇಂಥ ವಿಧಾನವನ್ನು ಹುಡುಕಿದ್ದು ತಪ್ಪೆನ್ನಲಾಗದು. ಶಾಲೆಗಳಿಗೆ ಹೋಗುವ ಮಾಂಸದ ತಪಾಸಣೆಯಲ್ಲಿ ಈ ಉತ್ಪನ್ನದಲ್ಲೂ ಹಲವು ಬಾರಿ ರೋಗಾಣುಗಳು ಕಂಡುಬಂದಿದ್ದವೆಂದು 2009ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಆದರೂ ಇದರಿಂದಲೇ ಸೋಂಕು ಹರಡಿದ ಪ್ರಕರಣವೊಂದೂ ಆಗ ದಾಖಲಾಗಿರಲಿಲ್ಲ.

ಅಮೋನಿಯಾ ಎಂಬ ಹೆಸರಿಗೇ ಬೆಚ್ಚಬೇಕಿಲ್ಲ. ನಮ್ಮ ಊರಿನ ಅಂಗಡಿಯ ಬಿಸ್ಕತ್ ಪೊಟ್ಟಣವನ್ನು ತಿರುಗಿಸಿ ನೋಡಿ: ಹಿಟ್ಟು ಉಬ್ಬಿಸುವ ಪದಾರ್ಥಗಳ ಸಾಲಿನಲ್ಲಿ 503(ii) ಎಂಬ ಸಂಖ್ಯೆ ಅನೇಕ ಬಾರಿ ಕಾಣಿಸುತ್ತದೆ. ಅದು ಅಮೋನಿಯಂ ಬೈಕಾರ್ಬನೇಟ್. ಬಿಸ್ಕತ್ತಿನಲ್ಲಿ ಅದನ್ನು ಸೇರ್ಪಡೆಯೆಂದು ಪರಿಗಣಿಸುವುದರಿಂದ ನಮೂದಿಸಲೇಬೇಕು. ಮಾಂಸಕ್ಕೆ ತಾಗಿಸಿದ ಅಮೋನಿಯಾವನ್ನು ಮಾತ್ರ ಕೃಷಿ ಇಲಾಖೆ ‘ಸಂಸ್ಕರಣೆಗೆ ನೆರವಾಗುವ ವಸ್ತು’ ಎಂದು ವರ್ಗೀಕರಿಸಿತು, ಹಾಗಾಗಿ ನಮೂದಿಸುವ ಹೊಣೆಯೇ ತಪ್ಪಿತು. ಬೆರೆಸಿದ ಮಾಂಸವೂ ದನದ ಮಾಂಸವೇ ಎಂಬ ಕಾರಣಕ್ಕೆ ಅದಕ್ಕೂ ಪ್ರತ್ಯೇಕ ಹೆಸರು ಬೇಕಾಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ಜನರ ಸಿಟ್ಟಿಗೆ ನ್ಯಾಯವಾದ ಕಾರಣವಿದ್ದುದು ಇಲ್ಲಿಯೇ. ಸುರಕ್ಷಿತವೆಂದು ನಂಬಿದ ವಿಧಾನವನ್ನು ಹೇಳಿಯೇ ಮಾರಬಹುದಿತ್ತು. ಮಕ್ಕಳ ತಟ್ಟೆಗೆ ಬೀಳುವ ಆಹಾರದ ವಿಷಯದಲ್ಲಂತೂ ಹೇಳಲೇಬೇಕಿತ್ತು.

2012ರ ಮಾರ್ಚ್‌ನಲ್ಲಿ ಎಬಿಸಿ ವಾಹಿನಿಯ ಸರಣಿ ವರದಿಗಳ ನಂತರ ಬೇಡಿಕೆ ಕುಸಿದು, ಸಂಸ್ಥೆಯ ನಾಲ್ಕು ಕಾರ್ಖಾನೆಗಳಲ್ಲಿ ಮೂರು ಮುಚ್ಚಿದವು, ನೂರಾರು ಜನ ಕೆಲಸ ಕಳೆದುಕೊಂಡರು. ಸಂಸ್ಥೆ ಹೂಡಿದ ಮಾನನಷ್ಟ ಮೊಕದ್ದಮೆ 2017ರಲ್ಲಿ ರಾಜಿಯಲ್ಲಿ ಮುಗಿಯಿತು. ಎಬಿಸಿಯ ಒಡೆತನ ಹೊಂದಿರುವ ಡಿಸ್ನಿ ತನ್ನ ಲೆಕ್ಕಪತ್ರದಲ್ಲಿ ಇದಕ್ಕಾಗಿ 17.7 ಕೋಟಿ ಡಾಲರ್ ತೋರಿಸಿತು. ಇನ್ನೊಂದು ದೊಡ್ಡ ಕಂಪನಿ ಕಾರ್ಗಿಲ್, ಸಿಟ್ರಿಕ್ ಆಮ್ಲ ಬಳಸಿ ತಯಾರಿಸುವ ಇಂಥದೇ ಮಾಂಸ ಬೆರೆತಿರುವುದನ್ನು ತಾನಾಗಿಯೇ ಲೇಬಲ್‌ನಲ್ಲಿ ಹಾಕತೊಡಗಿತು. 2018ರ ಕೊನೆಗೆ ಕೃಷಿ ಇಲಾಖೆ ಮಾತ್ರ, ಬೀಫ್ ಪ್ರಾಡಕ್ಟ್ಸ್‌ನ ಉತ್ಪನ್ನವನ್ನೇ ‘ಕೊಚ್ಚಿದ ದನದ ಮಾಂಸ’ ಎಂದು ಕರೆಯಬಹುದೆಂದು ತೀರ್ಮಾನಿಸಿತು.

ಹೀಗಾಗಿ ಲೇಬಲ್ ಓದಿ ನೀವು ಇದನ್ನು ಪತ್ತೆಹಚ್ಚಲಾರಿರಿ. ಶಾಲೆಗಳಿಗೆ ಇದಿಲ್ಲದ ಮಾಂಸವನ್ನು ಆಯ್ದುಕೊಳ್ಳುವ ಅವಕಾಶವನ್ನು 2012ರಲ್ಲೇ ಕೊಡಲಾಗಿದೆ. ನಿಮ್ಮ ಜಿಲ್ಲೆಯ ಶಾಲಾ ಆಹಾರ ವಿಭಾಗವನ್ನು ಲಿಖಿತವಾಗಿ ಕೇಳಿ. ಮನೆಗಾದರೆ ಇಡೀ ತುಂಡನ್ನು ಆರಿಸಿ ಕಣ್ಣೆದುರೇ ಕೊಚ್ಚಿಸಿಕೊಳ್ಳಿ, ಯಾವುದೇ ಕೊಚ್ಚಿದ ಮಾಂಸವನ್ನು ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಿ.