ಒತ್ತಕ್ಷರಕ್ಕೂ ಕೂಲಿ ಸೇರಿಸಿ

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಅವಳ ತೊಟ್ಟಿಲಿಗೆ ಅಂತ ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಹೆಸರಿನ ತೋರಣ, ಬಟ್ಟೆ ಗಿಳಿಗಳ ಗೊಂಚಲು ಹೊಲಿದೆ. ನೋಡಿದವರೆಲ್ಲ ನಮಗೂ ಬೇಕು ಅಂದರು. ಈಗ ತಿಂಗಳಿಗೆ ಹದಿನೈದು ಆರ್ಡರ್ ಬರುತ್ತೆ. ರಾತ್ರಿ ಹನ್ನೆರಡರ ತನಕ ಮಷಿನ್ ಮುಂದೆ ಕೂತರೂ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ. ತೋರಣಕ್ಕೆ 450 ಅಂದರೆ ಜಾಸ್ತಿಯಾಯ್ತು ಅಂತಾರೆ. ರೇಟ್ ಇಳಿಸಲಾ, ಬಿಟ್ಟೇಬಿಡಲಾ?"

ಎರಡೂ ಬೇಡ. ರೇಟ್ ಏರಿಸಿ.

ನೀವು ಪತ್ರದ ಜೊತೆ ಲೆಕ್ಕದ ಚೀಟಿ ಇಟ್ಟಿದ್ದು ಒಳ್ಳೆಯದಾಯಿತು. ಒಂದು ತೋರಣಕ್ಕೆ ಖಣ 60, ಒಳಗೆ ಹಾಕುವ ಗಟ್ಟಿ ಬಟ್ಟೆ 45, ದಾರ 25, ಗೆಜ್ಜೆ 30, ಡಬ್ಬಿ 35. ಒಟ್ಟು 195. ಕೊರಿಯರ್ 80 ರೂಪಾಯಿಯೂ ನಿಮ್ಮದೇ. ಉಳಿದಿದ್ದು 175. ಅದನ್ನೇ ಲಾಭ ಅಂತ ಬರೆದು ಕೆಳಗೆ ಗೆರೆ ಎಳೆದಿದ್ದೀರಿ. ಆದರೆ ಅದೇ ಪತ್ರದಲ್ಲಿ ಇನ್ನೊಂದು ಕಡೆ, ಕತ್ತರಿಸಿ ಹೊಲಿಯೋಕೆ ಐದು ಗಂಟೆ, ವಾಟ್ಸಾಪ್ ಮಾತುಕತೆ, ಫೋಟೊ, ಪ್ಯಾಕಿಂಗ್ ಸೇರಿ ಒಂದೂವರೆ ಗಂಟೆ ಅಂದಿದ್ದೀರಿ. 175ನ್ನು ಆರೂವರೆಯಿಂದ ಭಾಗಿಸಿ ನೋಡಿ. ಗಂಟೆಗೆ 27 ರೂಪಾಯಿ. ಇದೇ ಕೆಲಸಕ್ಕೆ ಇನ್ನೊಬ್ಬಳನ್ನು ಕರೆದರೆ ಈ ಕೂಲಿಗೆ ಯಾರು ಬರ್ತಾರೆ?

ಗಂಟೆಗೆ 60 ಅಂತ ಹಿಡಿದರೂ ನಿಮ್ಮ ಕೂಲಿ 390. ಸಾಮಾನು ಸೇರಿ 585. ಸೂಜಿ ಮುರಿಯುತ್ತದೆ, ಮಷಿನ್ ರಿಪೇರಿಗೆ ಬರುತ್ತದೆ, ಖಣದ ಪನ್ನ, ಅಂದರೆ ಅಗಲ, ಸಣ್ಣದಾದ್ದರಿಂದ ಬುಟ್ಟಾ ಚಿತ್ತಾರ ನೋಡಿಕೊಂಡು ಕತ್ತರಿಸುವಾಗ ತುಂಡು ಉಳಿಯುತ್ತದೆ. ಅದಕ್ಕೆಲ್ಲ 65 ಸೇರಿಸಿ. 650, ಕೊರಿಯರ್ ಬೇರೆ. ಕೆಲವರು ಬಿಟ್ಟುಹೋಗ್ತಾರೆ, ಹೋಗಲಿ. ಹದಿನೈದರಲ್ಲಿ ಐದು ಆರ್ಡರ್ ಕಡಿಮೆಯಾದರೂ ನಿಮಗೆ ಈಗಿನದಕ್ಕಿಂತ ಹೆಚ್ಚು ಉಳಿಯುತ್ತದೆ, ನಿದ್ದೆಯೂ ಆಗುತ್ತದೆ.

ಇನ್ನು ಅಕ್ಷರದ ವಿಷಯ. ನಿಮ್ಮ ಪತ್ರ ಓದಿದ ದಿನ ಹಳೆ ಲುಂಗಿಯ ತುಂಡಿನಲ್ಲಿ "ಶ್ರೇ" ಕತ್ತರಿಸಲು ಕೂತೆ. ಇಪ್ಪತ್ತು ನಿಮಿಷ ಆದ ಮೇಲೆ ಕೈಯಲ್ಲಿದ್ದದ್ದು ಜಿಲೇಬಿ. ಇಂಗ್ಲಿಷಿನ ಎ, ಎಚ್, ಎಂ ಎಲ್ಲ ನೇರ ಕತ್ತರಿ. ನಮ್ಮ ಅಕ್ಷರ ಪೂರ್ತಿ ದುಂಡಗೆ. ಬಟ್ಟೆಯನ್ನು ತಿರುಗಿಸುತ್ತಲೇ ಇರಬೇಕು, ಒಳಗಿನ ಸುರುಳಿಗೆ ಕತ್ತರಿಯ ತುದಿ ಮಾತ್ರ ಹೋಗುತ್ತೆ. ಒತ್ತಕ್ಷರವನ್ನು ಬೇರೆ ಕತ್ತರಿಸಿ ಅಂಟಿಸಿದರೆ ನೇತಾಡುತ್ತದೆ, ಅಲ್ವಾ? ಹೀಗಿರುವಾಗ "ರವಿ"ಗೂ "ಕೃತ್ತಿಕಾ"ಗೂ ಒಂದೇ ರೇಟ್ ಯಾಕೆ? 650 ಸಾದಾ ಹೆಸರಿಗೆ. ಒತ್ತಿಗೆ ಬೇರೆ ಕೂಲಿ ಹಾಕಿ. ಗ್ರಾಹಕರಿಗೆ ಮೊದಲೇ ಹೇಳಿದರೆ ಯಾರೂ ಬೇಜಾರಾಗುವುದಿಲ್ಲ. ಹೆಚ್ಚು ಬರುವ ಅಕ್ಷರಗಳಿಗೆ ರಟ್ಟಿನ ಅಚ್ಚು ಮಾಡಿಟ್ಟುಕೊಂಡು ಹತ್ತು ತೋರಣದ್ದನ್ನು ಒಂದೇ ದಿನ ಕತ್ತರಿಸಿದರೆ ನಿಮ್ಮ ಐದು ಗಂಟೆಯೂ ಇಳಿಯುತ್ತದೆ.

ಗ್ರಾಹಕರೊಬ್ಬರು ಮಗುವಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿದ್ದು, ನೀವು "ಶ್ರೇಯ" ಅಂತ ಹೊಲಿದದ್ದು, ಅವರು "ನಮ್ಮದು ಶ್ರೇಯಾ" ಅಂತ ವಾಪಸ್ ಕಳಿಸಿದ್ದು ಓದಿ ಹೊಟ್ಟೆ ಉರಿಯಿತು. ಹೆಸರು ಹಾಕಿದ ಸಾಮಾನು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ಹಾಗಾಗಿ ಹೆಸರನ್ನು ಕನ್ನಡದಲ್ಲೇ, ಅವರ ಕೈಯಲ್ಲೇ ಬರೆಸಿಕೊಳ್ಳಿ. ಪೂರ್ತಿ ದುಡ್ಡು ಬಂದ ಮೇಲೆ ಕತ್ತರಿ ಹಿಡಿಯಿರಿ. ತೊಟ್ಟಿಲು ಶಾಸ್ತ್ರದ ಹಿಂದಿನ ದಿನ ಅಜ್ಜಿ ಬಂದು ಹೆಸರೇ ಬದಲಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ!

ನೀವು ಕೇಳದ ಒಂದು ಮಾತು. ಫೋಟೊದಲ್ಲಿ ನಿಮ್ಮ ಗಿಳಿಗಳಿಗೆ ಗುಂಡಿಯ ಕಣ್ಣು ಕಂಡೆ. ತೆಗೆಯಿರಿ. ದಾರದಲ್ಲಿ ಹೊಲಿದ ಕಣ್ಣು ಸಾಕು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಕೊಳವೆ ಇಟ್ಟಿರುತ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ಯಾವ ಚೂರೂ ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ನಿಮ್ಮ ಗುಂಡಿ, ಗೆಜ್ಜೆ ಎರಡೂ ಅದರಲ್ಲಿ ಹೋಗುತ್ತವೆ. ಗೆಜ್ಜೆ ಕೈಗೆಟುಕದ ಗೋಡೆಯ ತೋರಣಕ್ಕಿರಲಿ, ತೊಟ್ಟಿಲಿಗೆ ಬೇಡ. ಮಗು ಕೈ ಮಂಡಿ ಊರಿ ಏಳಲು ಶುರು ಮಾಡಿದಾಗ, ಸುಮಾರು ಐದು ತಿಂಗಳಿಗೆ, ತೊಟ್ಟಿಲ ಮೇಲಿನ ಗೊಂಚಲು ಬಿಚ್ಚಬೇಕು ಅಂತ ಒಂದು ಚೀಟಿ ಬರೆದು ಡಬ್ಬಿಯಲ್ಲಿಡಿ. ಮಣಿಗೆ ಚನ್ನಪಟ್ಟಣದವರನ್ನು ಕೇಳುತ್ತೇನೆ ಅಂದಿದ್ದೀರಿ, ಸಂತೋಷ. ಹಾಲೆ ಮರ, ಅರಗಿನ ಮೆರುಗು ನೋಡಲು ಚೆಂದ. ಅರಗಿಗೆ ಯಾವ ಬಣ್ಣ ಬೆರೆಸಿದ್ದೀರಿ ಅಂತಲೂ ಕೇಳಿ. ಅಳತೆ ಮಾತ್ರ ದೊಡ್ಡದೇ ಇರಲಿ.

ಸರ್ಕಾರದ ಕಾಗದದ ಬಗ್ಗೆ ಹೆದರಿಕೆ ಬೇಡ. ಆದರೆ ಗೊತ್ತಿರಲಿ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಗೋಡೆಯ ತೋರಣ ಅಲಂಕಾರವೇ. ಮಗು ಎಳೆದಾಡುವ ಗಿಳಿಯನ್ನು ಆಟಿಕೆ ಅಂತ ಯಾರಾದರೂ ಕೇಳಬಹುದು. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ ಇದರಿಂದ ವಿನಾಯಿತಿ ಇದೆ. ಆ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಹೊರರಾಜ್ಯದ ಆರ್ಡರ್ ಶುರುವಾದರೆ ಜಿಎಸ್‌ಟಿ ಬಗ್ಗೆ ಆಡಿಟರನ್ನು ಒಮ್ಮೆ ಕೇಳಿ.

ಕೊನೆಗೆ ನೆಂಟರ ಕಥೆ. "ಮನೆಯವಳೇ ಅಲ್ವಾ, 200ಕ್ಕೆ ಕೊಡು" ಅನ್ನುವ ಸೋದರತ್ತೆ ಎಲ್ಲರಿಗೂ ಇದ್ದಾರೆ. ನನ್ನ ಮಟ್ಟಿಗೆ ಅರ್ಧ ರೇಟ್ ಅನ್ನುವುದೇ ಕೆಟ್ಟದ್ದು. ತೀರಾ ಬೇಕಾದವರಿಗೆ ಉಡುಗೊರೆ ಅಂತ ಸುಮ್ನೆ ಕೊಟ್ಟುಬಿಡಿ, ವರ್ಷಕ್ಕೆ ಎರಡೋ ಮೂರೋ. ಮಿಕ್ಕವರಿಗೆ ಪೂರ್ತಿ ರೇಟ್. ಅರ್ಧಕ್ಕೆ ಕೊಟ್ಟರೆ ಅತ್ತೆಗೆ ಉಡುಗೊರೆ ಸಿಕ್ಕಿದ ಹಾಗೂ ಅನ್ನಿಸುವುದಿಲ್ಲ, ನಿಮಗೆ ಮಾರಿದ ಹಾಗೂ ಅನ್ನಿಸುವುದಿಲ್ಲ.

ವಾಪಸ್ ಬಂದ ತೋರಣ ಕಪಾಟಿನಲ್ಲೇ ಇದೆ ಅಂದಿರಿ. ಬಿಚ್ಚಬೇಡಿ. ಅಳತೆ, ಬಣ್ಣ ಕೇಳಿದವರಿಗೆ ಅದರದೇ ಫೋಟೊ ಕಳಿಸಿ. "ಇದರಲ್ಲಿ ದೀರ್ಘ ಇಲ್ವಲ್ಲ?" ಅಂತ ಯಾರಾದರೂ ಕೇಳಿದರೆ ಅವರ ಆರ್ಡರನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಅವರು ಹೆಸರನ್ನು ಸರಿಯಾಗಿಯೇ ಬರೆದು ಕಳಿಸುತ್ತಾರೆ.